ಕಟ್ಟಿದ ಮನೆಯ ಹಿತ್ತಿಲಲ್ಲಿ ಹಾಡಿದವರು

ಚೆನ್ನೈಗೆ ಬಂದ ಕನ್ನಡಿಗರಿಗೆಲ್ಲ ಇಲ್ಲಿ ಒಂದೇ ಊರು. ನೀವು ದಾವಣಗೆರೆಯವರಿರಿ, ಶಿರಸಿಯವರಿರಿ, ಬೀದರಿನವರಿರಿ, ಆಫೀಸಿನ ಲಿಫ್ಟಿನಲ್ಲಿ ಪರಿಚಯವಾದವರು ‘ಓ, ಬೆಂಗಳೂರಾ?’ ಅಂತಲೇ ಕೇಳುತ್ತಾರೆ. ಮೊದಲ ಆರು ತಿಂಗಳು ನಾವು ತಿದ್ದುತ್ತೇವೆ. ಆಮೇಲೆ ‘ಹೌದು, ಬೆಂಗಳೂರೇ’ ಅಂದು ಸುಮ್ಮನಾಗುತ್ತೇವೆ.

ಹೀಗೆ ಬೆಂಗಳೂರನ್ನು ಹೆಸರಿಗೆ ಅಂಟಿಸಿಕೊಂಡು ಈ ನಗರದಲ್ಲಿ ದುಡಿದವರಲ್ಲಿ ನಮಗಿಂತ ನೂರು ವರ್ಷ ಹಿರಿಯರೊಬ್ಬರಿದ್ದಾರೆ. ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು ನಂಜನಗೂಡಿನಲ್ಲಿ, ಓದು ಮೈಸೂರಿನಲ್ಲಿ, ಹೆಸರು ಬಂದದ್ದು ಬೆಂಗಳೂರಿನಲ್ಲಿ, ಸಂಪಾದನೆ ಮದರಾಸಿನಲ್ಲಿ, ಕೊನೆಯುಸಿರು ತಿರುವಯ್ಯಾರಿನಲ್ಲಿ. ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ನೂರಾರು ವಿದ್ವಾಂಸರು ಕಾವೇರಿ ದಡದಲ್ಲಿ ಸಾಲಾಗಿ ಕುಳಿತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಒಕ್ಕೊರಲಿನಿಂದ ಹಾಡುವುದನ್ನು ನೀವು ಟಿವಿಯಲ್ಲಿ ನೋಡಿಯೇ ಇರುತ್ತೀರಿ. ಅವರ ನಡುವೆ ಕಾಣುವ ಆ ಗುಡಿಯನ್ನು ಕಟ್ಟಿಸಿದವರು ಈ ನಾಗರತ್ನಮ್ಮ. ಅದೂ ಯಾವ ಮಹಾರಾಜರ ಖಜಾನೆಯಿಂದಲೂ ಅಲ್ಲ, ಹಾಡಿ ದುಡಿದ ತಮ್ಮ ಸ್ವಂತ ಹಣದಿಂದ. ಕಟ್ಟಿಸಿದ ಮೇಲೆ ಅದರ ಮುಂದೆ ಕುಳಿತು ಹಾಡಲು ಅವರಿಗೇ ಅವಕಾಶ ಸಿಗಲಿಲ್ಲ. ಕಾರಣ, ಅವರು ಹೆಂಗಸು, ಅದರಲ್ಲೂ ದೇವದಾಸಿ.

ಊರು ಬಿಟ್ಟು ಬಂದು ಬೇರೆ ರಾಜ್ಯದಲ್ಲಿ ಬದುಕು ಕಟ್ಟಿಕೊಳ್ಳುತ್ತಿರುವ ನಮ್ಮಂಥವರು ಒಮ್ಮೆಯಾದರೂ ಓದಬೇಕಾದ ಬದುಕು ಇದು ಎಂದು ನನಗೆ ಅನ್ನಿಸಿದೆ. ಹಾಗಾಗಿ ಈ ವಾರ ಅವರ ಕಥೆ.

ಕಪಿಲೆಯ ದಡದಿಂದ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಮನೆತನದವರು. ತಂದೆ ಸುಬ್ಬರಾವ್, ವಕೀಲರು. ಮಗು ಇನ್ನೂ ಚಿಕ್ಕದಿರುವಾಗಲೇ ಸುಬ್ಬರಾವ್ ತಾಯಿ ಮಗಳಿಬ್ಬರನ್ನೂ ಕೈಬಿಟ್ಟರು. ಪುಟ್ಟಲಕ್ಷ್ಮಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿದ್ದ ಗಿರಿಭಟ್ಟ ತಿಮ್ಮಯ್ಯ ಎಂಬ ಸಂಸ್ಕೃತ ವಿದ್ವಾಂಸರ ನೆರಳಿಗೆ ಸೇರಿದರು. ಹುಡುಗಿಗೆ ಸಂಸ್ಕೃತ ಮತ್ತು ಸಂಗೀತದ ಮೊದಲ ಪಾಠ ಸಿಕ್ಕಿದ್ದು ಅಲ್ಲಿ. ಐದನೆಯ ವಯಸ್ಸಿಗೆ ದೇವದಾಸಿ ದೀಕ್ಷೆಯೂ ಆಯಿತು.

ಸ್ವಲ್ಪ ಕಾಲದಲ್ಲೇ ತಿಮ್ಮಯ್ಯನವರೊಂದಿಗೂ ಮನಸ್ತಾಪವಾಗಿ ಪುಟ್ಟಲಕ್ಷ್ಮಿ ಮತ್ತೆ ಗಂಟುಮೂಟೆ ಕಟ್ಟಿದರು. ಈ ಸಲ ಆಸರೆಯಾದವರು ಪಿಟೀಲು ನುಡಿಸುತ್ತಿದ್ದ ಬಂಧು ವೆಂಕಟಸ್ವಾಮಪ್ಪ. ಕನ್ನಡ, ತೆಲುಗು, ಇಂಗ್ಲಿಷ್, ನೃತ್ಯ, ಪಿಟೀಲು ಎಲ್ಲವೂ ಒಂದೊಂದಾಗಿ ಸೇರಿದವು. ಮುಂದಿನ ದಾರಿಯನ್ನು ನಿರ್ಧರಿಸಿದ್ದು ಬೆಂಗಳೂರಿನ ಮುನಿಸ್ವಾಮಪ್ಪನವರ ಪಾಠ. ಅವರು ವಾಲಾಜಾಪೇಟೆಯ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಕೃಷ್ಣಸ್ವಾಮಿಯವರ ತಂದೆ ವೆಂಕಟರಮಣ ಭಾಗವತರು ತ್ಯಾಗರಾಜರ ನೇರ ಶಿಷ್ಯರು. ಹೀಗೆ ಎಣಿಸಿದರೆ ತ್ಯಾಗರಾಜರಿಗೂ ಈ ನಂಜನಗೂಡಿನ ಹುಡುಗಿಗೂ ನಡುವೆ ಮೂರೇ ಮೆಟ್ಟಿಲು. ಮುಂದೆ ಅವರು ಮಾಡಿದ ಕೆಲಸಕ್ಕೆ ಈ ಗುರುಪರಂಪರೆಯೇ ಬೇರು.

ಹದಿನೈದರ ಆಸುಪಾಸಿನಲ್ಲೇ ವಿದ್ವಾಂಸರ ಸಭೆಯಲ್ಲಿ ಹಾಡಿ ಸೈ ಅನ್ನಿಸಿಕೊಂಡರು. ಬೆಂಗಳೂರಿನಲ್ಲಿ ಅವರ ಸಂಗೀತವನ್ನೂ ಪಾಂಡಿತ್ಯವನ್ನೂ ಮೆಚ್ಚಿ ಬೆಂಬಲಕ್ಕೆ ನಿಂತವರು ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶ ನರಹರಿ ರಾವ್. ಹನುಮಂತನಗರದ ಕಡೆಯವರಿಗೆ ನರಹರಿರಾಯರ ಗುಡ್ಡ ಗೊತ್ತಿರುತ್ತದೆ. ಆ ನರಹರಿರಾಯರು ಇವರೇ. ಇನ್ನೂ ದೊಡ್ಡ ಹೆಸರು ಮಾಡಬೇಕಾದರೆ ಮದರಾಸಿಗೆ ಹೋಗು ಎಂದು ಹೇಳಿ ಕಳಿಸಿದವರೂ ಅವರೇ.

ಇವತ್ತು ನಮ್ಮ ಹುಡುಗರಿಗೆ ಬೆಂಗಳೂರು ಹೇಗೋ, ಆ ಕಾಲದ ಸಂಗೀತಗಾರರಿಗೆ ಮದರಾಸು ಹಾಗೆ. ಅರಮನೆಗಳು ಒಂದೊಂದಾಗಿ ಸೊರಗುತ್ತಿದ್ದವು. ವ್ಯಾಪಾರ, ವಕೀಲಿಕೆ, ಸರ್ಕಾರಿ ನೌಕರಿಯಿಂದ ಕೈಯಲ್ಲಿ ಕಾಸು ಕಂಡ ಹೊಸ ರಸಿಕರು ಮದರಾಸಿನಲ್ಲಿ ತುಂಬಿಕೊಂಡಿದ್ದರು. ಸಭೆಗಳು ಹುಟ್ಟುತ್ತಿದ್ದವು, ಗ್ರಾಮಫೋನು ಕಂಪನಿಗಳು ಕಾಲಿಟ್ಟಿದ್ದವು, ಪುಸ್ತಕದ ಅಚ್ಚುಕೂಟಗಳಿದ್ದವು. ಸಂಗೀತದ ಎದೆಬಡಿತ ಕೇಳುತ್ತಿದ್ದದ್ದು ಜಾರ್ಜ್ ಟೌನಿನಲ್ಲಿ. ವೀಣೆ ಧನಮ್ಮಾಳ್ ಅವರ ಮನೆಯೂ ಅಲ್ಲೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಾಗರತ್ನಮ್ಮ ಬಂದು ಸೇರಿದ್ದು ಈ ಪೇಟೆಗೆ.

ಕಛೇರಿಯ ಲೆಕ್ಕ

ಕಛೇರಿ ಎಂದರೆ ನಮ್ಮ ಭಾಷೆಯಲ್ಲಿ ಆಫೀಸೂ ಹೌದು, ಸಂಗೀತವೂ ಹೌದು. ನಾಗರತ್ನಮ್ಮನವರ ಮಟ್ಟಿಗೆ ಎರಡೂ ಒಂದೇ ಆಗಿದ್ದವು. ಮದರಾಸಿಗೆ ಬಂದ ನಂತರದ ಸುಮಾರು 30 ವರ್ಷಗಳಲ್ಲಿ ಅವರು 1,200ಕ್ಕೂ ಹೆಚ್ಚು ಕಛೇರಿ ನಡೆಸಿದರು, ನೂರಕ್ಕೂ ಹೆಚ್ಚು ಊರುಗಳನ್ನು ಸುತ್ತಿದರು. ವಿಮಾನವಿಲ್ಲ, ಮೈಕು ಆಗಿನ್ನೂ ಸಭೆಗಳಿಗೆ ಬಂದಿರಲಿಲ್ಲ. ರೈಲಿನಲ್ಲಿ, ಎತ್ತಿನ ಗಾಡಿಯಲ್ಲಿ ತಂಬೂರಿ ಹೊತ್ತುಕೊಂಡು ಓಡಾಡಿದ ಲೆಕ್ಕ ಇದು. ಪುರುಷರ ಕಂಠದಂತೆ ಗಡುಸಾದ ತುಂಬು ದನಿ ಅವರದು ಎಂದು ಕೇಳಿದವರು ಬರೆದಿದ್ದಾರೆ. ಹರಿಕಥೆಯಲ್ಲೂ ಹೆಸರು ಮಾಡಿದ್ದರು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂಬ ಖ್ಯಾತಿಯೂ ಅವರಿಗಿದೆ.

ಫಾರ್ಮ್ 16 ಕೈಗೆ ಬಂದಾಗ ಮುಖ ಸಿಂಡರಿಸುವ ನಮಗೆ ತೆರಿಗೆಯ ವಿಷಯ ತಮಾಷೆಯಾಗಿ ಕಾಣಬಹುದು. ಆದರೆ ಆ ಕಾಲದಲ್ಲಿ ಒಬ್ಬ ಹೆಂಗಸಿನ ಹೆಸರಿನಲ್ಲಿ ತೆರಿಗೆ ಬೀಳುತ್ತಿತ್ತು ಎಂದರೆ ಅವಳ ಹೆಸರಿನಲ್ಲೇ ದುಡಿಮೆ ಇತ್ತು, ಆಸ್ತಿ ಇತ್ತು ಎಂದರ್ಥ. ಸಂಸಾರಸ್ಥ ಮನೆಗಳ ಹೆಚ್ಚಿನ ಹೆಂಗಸರಿಗೆ ಎರಡೂ ಇರಲಿಲ್ಲ. ದೇವದಾಸಿಯರಿಗೆ ಓದು, ಸಂಗೀತ, ಆಸ್ತಿ ಹೊಂದುವ ಮತ್ತು ದತ್ತು ತೆಗೆದುಕೊಳ್ಳುವ ಹಕ್ಕು ಇದ್ದವು. ಅದಕ್ಕೆ ಅವರು ತೆರುತ್ತಿದ್ದ ಬೆಲೆ ಬೇರೆ. ಐದು ವರ್ಷದ ಮಗುವಿಗೆ ದೀಕ್ಷೆ ಕೊಡುವಾಗ ಯಾರೂ ಅದರ ಒಪ್ಪಿಗೆ ಕೇಳುತ್ತಿರಲಿಲ್ಲ. ಸಮಾಜ ಅವರ ಹಾಡಿಗೆ ತಲೆದೂಗುತ್ತಲೇ ಅವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿತ್ತು. ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟುಕೊಂಡೇ ನಾಗರತ್ನಮ್ಮನವರನ್ನು ಓದಬೇಕು.

ಒಂದು ಪುಸ್ತಕದ ಗಲಾಟೆ

ಸಮಾಧಿಯ ಕಥೆಗೆ ಮೊದಲು ಅವರ ಪುಸ್ತಕದ ಕಥೆ ಹೇಳಬೇಕು. 18ನೆಯ ಶತಮಾನದಲ್ಲಿ ತಂಜಾವೂರಿನ ಮರಾಠಾ ರಾಜ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಗಣಿಕೆ ಕವಯಿತ್ರಿ ಇದ್ದಳು. ಅವಳು ತೆಲುಗಿನಲ್ಲಿ ಬರೆದ ಶೃಂಗಾರಕಾವ್ಯ ‘ರಾಧಿಕಾ ಸಾಂತ್ವನಮು’. ಕೃಷ್ಣನಿಗೆ ಇಳಾದೇವಿಯನ್ನು ತಾನೇ ಮುಂದೆ ನಿಂತು ಮದುವೆ ಮಾಡಿಸಿದ ರಾಧೆ, ಆಮೇಲೆ ಅವನ ಅಗಲಿಕೆಯನ್ನು ತಾಳಲಾರದೆ ಮುನಿಯುತ್ತಾಳೆ. ಕೃಷ್ಣ ಬಂದು ಸಮಾಧಾನ ಮಾಡುತ್ತಾನೆ. ಬಯಕೆಯನ್ನು ಬಾಯಿಬಿಟ್ಟು ಹೇಳುವವಳು ಇಲ್ಲಿ ಹೆಣ್ಣು. ಬರೆದವಳೂ ಹೆಣ್ಣು.

ಈ ಕಾವ್ಯ 19ನೆಯ ಶತಮಾನದ ಕೊನೆಯಲ್ಲಿ ಅಚ್ಚಾಗಿತ್ತು. ಆದರೆ ಆ ಮುದ್ರಣದಲ್ಲಿ ಕವಯಿತ್ರಿ ತನ್ನ ಬಗ್ಗೆ, ತನ್ನ ಅಜ್ಜಿ ತಾಯಂದಿರ ಬಗ್ಗೆ ಬರೆದುಕೊಂಡ ಭಾಗವೂ ಕೆಲವು ಪದ್ಯಗಳೂ ಬಿಟ್ಟುಹೋಗಿದ್ದವು. ತೆಲುಗಿನ ದೊಡ್ಡ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರಂತೂ ತಮ್ಮ ಕವಿಚರಿತ್ರೆಯಲ್ಲಿ, ಹೆಣ್ಣಾಗಿ ಇಂಥದ್ದನ್ನು ಬರೆಯಲು ಇವಳಿಗೆ ನಾಚಿಕೆಯಾಗಲಿಲ್ಲವೇ ಎಂಬ ಧಾಟಿಯಲ್ಲಿ ಜಾಡಿಸಿದ್ದರು.

ನಾಗರತ್ನಮ್ಮ ಹಸ್ತಪ್ರತಿ ಹುಡುಕಿ ತರಿಸಿಕೊಂಡರು. ಅಚ್ಚಾದ ಪುಸ್ತಕದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿದರು. ಬಿಟ್ಟ ಭಾಗಗಳನ್ನೆಲ್ಲ ಸೇರಿಸಿ, ತಾವೇ ಪೀಠಿಕೆ ಬರೆದು, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣ ಆವೃತ್ತಿ ಹೊರತಂದರು. ಪೀಠಿಕೆಯಲ್ಲಿ ಅವರು ಎತ್ತಿದ ಪ್ರಶ್ನೆ ನೇರವಾಗಿತ್ತು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರ ಸೇರಿದ್ದೇ, ಗಂಡಸರಿಗೆ ಇಲ್ಲವೇ? ಇದಕ್ಕಿಂತ ಹಸಿಯಾದ ಶೃಂಗಾರವನ್ನು ಪುರುಷರು ಬರೆದಾಗ ಪಂಡಿತರು ಮೆಚ್ಚಲಿಲ್ಲವೇ? ಈ ಕಾವ್ಯವನ್ನು ಎಷ್ಟು ಸಲ ಓದಿದರೂ ಮತ್ತೆ ಓದಬೇಕೆನಿಸುತ್ತದೆ, ಬರೆದವಳು ಹೆಣ್ಣು, ಅದರಲ್ಲೂ ನಮ್ಮ ಕುಲದವಳು, ಅದಕ್ಕೇ ಮುದ್ರಿಸುತ್ತಿದ್ದೇನೆ ಎಂಬುದು ಅವರ ಸಮರ್ಥನೆ.

ಗಲಾಟೆ ಎದ್ದಿತು. ಪುಸ್ತಕ ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ನಿಷೇಧ ಹಾಕಿತು. ವಾವಿಳ್ಳದವರೂ ಹಲವು ಪಂಡಿತರೂ ಅರ್ಜಿ ಕೊಟ್ಟರು, ಫಲವಾಗಲಿಲ್ಲ. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ. ಪುಸ್ತಕ ಮತ್ತೆ ಅಚ್ಚಾದದ್ದು 1952ರಲ್ಲಿ. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ.

ಇಲ್ಲಿ ಇನ್ನೊಂದು ಗಮನಿಸಿ. ಮನೆಮಾತು ಕನ್ನಡದ ಊರಿನಿಂದ ಬಂದವರು, ತಮಿಳು ನಗರದಲ್ಲಿ ಕುಳಿತು, ತೆಲುಗು ಕಾವ್ಯವೊಂದರ ಪಾಠಶುದ್ಧಿಗೆ ಇಳಿದು, ತೆಲುಗಿನ ಅತಿ ದೊಡ್ಡ ವಿದ್ವಾಂಸರೊಂದಿಗೆ ತೆಲುಗಿನಲ್ಲೇ ವಾದ ಮಾಡಿದರು. ನೀನು ಹೊರಗಿನವಳು, ಸುಮ್ಮನಿರು ಎಂಬ ಮಾತು ಅವರ ಕಿವಿಗೆ ಬಿದ್ದಿದ್ದರೂ ಅದು ಅವರ ಕೆಲಸವನ್ನು ತಡೆದಂತೆ ಕಾಣುವುದಿಲ್ಲ.

ಮೈಸೂರಿನಿಂದ ಬಂದ ಕಾಗದ

1921ರಲ್ಲಿ ನಾಗರತ್ನಮ್ಮನವರಿಗೆ ಒಂದು ಕಾಗದ ಬಂತು. ಬರೆದವರು ಮೈಸೂರಿನ ಬಿಡಾರಂ ಕೃಷ್ಣಪ್ಪ. ಪಿಟೀಲು ಚೌಡಯ್ಯನವರ ಗುರು, ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದವರು, ನಾಗರತ್ನಮ್ಮನವರಿಗೂ ಗುರುಸಮಾನರು. ತಿರುವಯ್ಯಾರಿಗೆ ಹೋಗಿದ್ದ ಕೃಷ್ಣಪ್ಪನವರು ಅಲ್ಲಿ ತ್ಯಾಗರಾಜರ ಸಮಾಧಿ ಗಿಡಗಂಟಿ ಬೆಳೆದು ಪಾಳುಬಿದ್ದಿರುವುದನ್ನು ಕಂಡು ನೊಂದು ಬರೆದಿದ್ದರು.

ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6ರಂದು. ಕಾವೇರಿ ದಡದಲ್ಲಿ ಸಮಾಧಿ ಮಾಡಿ ಒಂದು ಬೃಂದಾವನ ಕಟ್ಟಿದ್ದರು. ಶಿಷ್ಯರು ಚದುರಿಹೋದರು. 1903ರ ಹೊತ್ತಿಗೆ ಉಮಯಾಳಪುರದ ಭಾಗವತರು ಅದನ್ನು ಹುಡುಕಿ ಸ್ವಲ್ಪ ದುರಸ್ತಿ ಮಾಡಿಸಿದರು. ಆರಾಧನೆ ಶುರುವಾಯಿತು, ಜೊತೆಗೇ ಜಗಳವೂ. ತಿಲ್ಲೈಸ್ಥಾನದ ಸಹೋದರರಾದ ನರಸಿಂಹ ಭಾಗವತರು ಮತ್ತು ಪಂಜು ಭಾಗವತರ ನಡುವೆ ಬಿರುಕು ಬಿದ್ದು ಎರಡು ಬಣಗಳಾದವು. ಪೆರಿಯ ಕಟ್ಚಿ, ಚಿನ್ನ ಕಟ್ಚಿ. ಅಂದರೆ ದೊಡ್ಡ ಪಕ್ಷ, ಸಣ್ಣ ಪಕ್ಷ. ಎರಡೂ ಬೇರೆ ಬೇರೆ ಆರಾಧನೆ ನಡೆಸುತ್ತಿದ್ದವು. ಯಾರ ಕಛೇರಿ ದೊಡ್ಡದು, ಯಾರ ಊಟ ಚೆನ್ನಾಗಿತ್ತು ಎಂಬ ಪೈಪೋಟಿಯ ನಡುವೆ ಸಮಾಧಿ ಮಾತ್ರ ಹಾಗೇ ಇತ್ತು.

ನಾಗರತ್ನಮ್ಮನವರಿಗೆ ಆಗ 43. ಹೆಸರು, ಹಣ ಎರಡೂ ಇದ್ದ ವಯಸ್ಸು. ಕನಸಿನಲ್ಲಿ ತ್ಯಾಗರಾಜರೇ ಬಂದು ಹೇಳಿದರು ಎಂದು ಅವರು ನಂಬಿದ್ದರು. ಕನಸು ಏನೇ ಇರಲಿ, ಆಮೇಲೆ ಮಾಡಿದ್ದು ಪಕ್ಕಾ ವ್ಯವಹಾರಸ್ಥರ ಕೆಲಸ. ಸಮಾಧಿಯ ಜಾಗ, ಸುತ್ತಲಿನ ಜಮೀನು ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದರು. ಓಡಾಡಿ, ಮಾತಾಡಿ, ದುಡ್ಡು ಕೊಟ್ಟು ಹಕ್ಕು ಪಡೆದರು. ಅದೇ ವರ್ಷ ಕೆಲಸ ಶುರುಮಾಡಿಸಿದರು. ಉಳಿತಾಯ ಸಾಲದೆ ಹೋದಾಗ ಒಡವೆಗಳೂ ಹೋದವು. ಗುಡಿ ಎದ್ದಿತು, ತ್ಯಾಗರಾಜರ ವಿಗ್ರಹ ಬಂತು. 1925ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು. ತ್ಯಾಗರಾಜರ ಅಷ್ಟೋತ್ತರ ಶತನಾಮಾವಳಿಯನ್ನು ಸಂಸ್ಕೃತದಲ್ಲಿ ರಚಿಸಿದವರೂ ನಾಗರತ್ನಮ್ಮನವರೇ.

ಇಷ್ಟಾದ ಮೇಲೆ ಅವರು ಕೇಳಿದ್ದು ಒಂದೇ: ಆರಾಧನೆಯ ದಿನ ಸಮಾಧಿಯ ಮುಂದೆ ಹಾಡುತ್ತೇನೆ, ಹರಿಕಥೆ ಮಾಡುತ್ತೇನೆ. ಎರಡೂ ಪಕ್ಷದವರು ಒಪ್ಪಲಿಲ್ಲ. ಬೇರೆ ಯಾವುದಕ್ಕೂ ಹೊಂದಿಕೆಯಾಗದ ಎರಡು ಬಣಗಳು ಹೆಂಗಸರಿಗೆ ವೇದಿಕೆ ಇಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದವು.

ಹಿತ್ತಿಲ ಆರಾಧನೆ

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಕೊಟ್ಟ ದುಡ್ಡು ನೆನೆದು ಹೊಟ್ಟೆ ಉರಿದುಕೊಂಡು ಊರಿಗೆ ಹೊರಡುತ್ತಿದ್ದೆವು. ಇಲ್ಲವೇ ಕೋರ್ಟು ಹತ್ತಿ ಗುಡಿಗೆ ಬೀಗ ಹಾಕಿಸುತ್ತಿದ್ದೆವು. ನಾಗರತ್ನಮ್ಮ ಗುಡಿಯ ಹಿಂಭಾಗಕ್ಕೆ ಹೋದರು. 1920ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಮೂರನೆಯ ಆರಾಧನೆ ಶುರುವಾಯಿತು. ಅದು ಪೂರ್ತಿ ಹೆಂಗಸರದು. ಜನ ಅದಕ್ಕೆ ಪೆಣ್ಗಳ್ ಕಟ್ಚಿ, ಹೆಂಗಸರ ಪಕ್ಷ ಎಂದು ಹೆಸರಿಟ್ಟರು. ಮುಂದುಗಡೆ ಎರಡು ಪಕ್ಷದ ಗಂಡಸರು, ಹಿತ್ತಿಲಲ್ಲಿ ಗುಡಿ ಕಟ್ಟಿಸಿದವರು ಮತ್ತು ಅವರ ಜೊತೆಯ ಗಾಯಕಿಯರು. ಹಾಡುತ್ತಿದ್ದದ್ದು ಎಲ್ಲರೂ ಅದೇ ತ್ಯಾಗರಾಜರ ಕೃತಿಗಳನ್ನೇ.

ಈ ಏರ್ಪಾಡು ವರ್ಷಗಟ್ಟಲೆ ನಡೆಯಿತು. ಹಿತ್ತಿಲಲ್ಲಿ ಹಾಡುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಜಮೀನಿನ ಹಕ್ಕುಪತ್ರ ಯಾರ ಬಳಿ ಇದೆ ಎಂಬುದೂ ಮುಂದಿನವರಿಗೆ ಗೊತ್ತಿತ್ತು. ಕೊನೆಗೆ ಸಂಗೀತಗಾರರೂ ಎಸ್.ವೈ. ಕೃಷ್ಣಸ್ವಾಮಿ ಎಂಬ ಐಸಿಎಸ್ ಅಧಿಕಾರಿಯೂ ಮಧ್ಯೆ ಬಂದು ಪಕ್ಷಗಳನ್ನು ಕೂಡಿಸಿದರು. 1941ರಿಂದ ಒಂದೇ ಆರಾಧನೆ. ಹೆಂಗಸರೂ ಸಮಾಧಿಯ ಮುಂದೆ ಕುಳಿತು ಹಾಡಬಹುದು ಎಂದಾಯಿತು. ಇವತ್ತು ನಾವು ಟಿವಿಯಲ್ಲಿ ನೋಡುವ ಪಂಚರತ್ನ ಗೋಷ್ಠಿಯ ರೂಪವೂ ಆ ಒಗ್ಗಟ್ಟಿನ ಕಾಲದಲ್ಲೇ ಮೂಡಿದ್ದು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಐದು ಕೃತಿಗಳು. ಆ ಹೊತ್ತಿಗೆ ನಾಗರತ್ನಮ್ಮನವರಿಗೆ 60 ದಾಟಿತ್ತು.

ಕರ್ನಾಟಕ ಸಂಗೀತದ ಇತಿಹಾಸದಲ್ಲಿ ಇದು ಎಷ್ಟು ಮುಂಚಿನ ಗೆಲುವು ಎನ್ನಲು ಒಂದು ಹೋಲಿಕೆ ಸಾಕು. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಮೊದಲ ಬಾರಿ ಗಾಯಕಿಯೊಬ್ಬರಿಗೆ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ, ಸಿಕ್ಕಿದ್ದು 1968ರಲ್ಲಿ.

ಒಪ್ಪಲು ಕಷ್ಟವಾಗುವ ಭಾಗ

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ನಾಗರತ್ನಮ್ಮನವರ ಬದುಕಿನಲ್ಲಿ ನಮಗೆ ಸುಲಭವಾಗಿ ನುಂಗಲಾಗದ ಒಂದು ತುತ್ತೂ ಇದೆ. ದೇವದಾಸಿ ಪದ್ಧತಿಯ ನಿಷೇಧವನ್ನು ಅವರು ವಿರೋಧಿಸಿದ್ದರು.

ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದರಾಸಿನಲ್ಲಿ 1927ರಲ್ಲಿ ಶಾಸನಸಭೆ ಪ್ರವೇಶಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಈ ಪದ್ಧತಿಗೆ ಕಾನೂನಿನ ಕೊಡಲಿ ಹಾಕಲು ಹೊರಟರು. ಮುತ್ತುಲಕ್ಷ್ಮಿಯವರ ತಾಯಿಯೂ ಇದೇ ಸಮುದಾಯದಿಂದ ಬಂದವರು. ಹೆಣ್ಣುಮಕ್ಕಳ ಬದುಕು ಹೇಗೆ ಹಾಳಾಗುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. ಎದುರು ನಿಂತ ದೇವದಾಸಿ ಸಂಘದ ಮುಂಚೂಣಿಯಲ್ಲಿದ್ದವರು ನಾಗರತ್ನಮ್ಮ. ನಮ್ಮನ್ನೆಲ್ಲ ಒಟ್ಟಿಗೆ ವೇಶ್ಯೆಯರೆಂದು ಕರೆದು, ನಮ್ಮ ವಿದ್ಯೆ, ನಮ್ಮ ಆಸ್ತಿ, ನಮ್ಮ ಕಸುಬು ಎಲ್ಲವನ್ನೂ ಕಸಿದುಕೊಳ್ಳುತ್ತಿದ್ದೀರಿ ಎಂಬುದು ಅವರ ಪಕ್ಷ. 1947ರಲ್ಲಿ ಮದರಾಸಿನಲ್ಲಿ ನಿಷೇಧದ ಕಾನೂನು ಬಂತು.

ನನ್ನ ಮಟ್ಟಿಗೆ ಹೇಳುವುದಾದರೆ, ಮಕ್ಕಳಿಗೆ ದೀಕ್ಷೆ ಕೊಡುವುದು ನಿಲ್ಲಲೇಬೇಕಿತ್ತು, ಮುತ್ತುಲಕ್ಷ್ಮಿ ಸರಿ. ಆದರೆ ಆ ಕಾನೂನಿನ ನಂತರ ಸಂಗೀತ ನೃತ್ಯಗಳು ದೊಡ್ಡ ಮನೆಗಳ ಹಜಾರಕ್ಕೆ ಹೋಗಿ ಗೌರವ ಪಡೆದವು, ಅವನ್ನು ಇನ್ನೂರು ಮುನ್ನೂರು ವರ್ಷ ಕಾಪಾಡಿಕೊಂಡು ಬಂದ ಹೆಂಗಸರು ತಮ್ಮ ಮನೆತನದ ಹೆಸರು ಮುಚ್ಚಿಟ್ಟು ಬದುಕಬೇಕಾಯಿತು ಎಂಬುದನ್ನೂ ಮರೆಯುವ ಹಾಗಿಲ್ಲ. ನಾಗರತ್ನಮ್ಮ ಮಾತ್ರ ತಮ್ಮ ಕುಲವನ್ನು ಮುಚ್ಚಿಡಲಿಲ್ಲ. ಮುದ್ದುಪಳನಿಯ ಪುಸ್ತಕದ ಪೀಠಿಕೆಯಲ್ಲಿ ಹೇಳಿದ್ದನ್ನೇ ಕೊನೆಯವರೆಗೂ ಹೇಳಿದರು.

ನಮ್ಮ ನೀರು, ನಮ್ಮ ದುಡ್ಡು

ತಿರುವಯ್ಯಾರು ಇರುವುದು ತಂಜಾವೂರಿನಿಂದ 13 ಕಿ.ಮೀ. ದೂರದಲ್ಲಿ. ನಾನು ಹೋದದ್ದು ಆರಾಧನೆಯ ಗದ್ದಲ ಮುಗಿದ ಮೇಲೆ, ಒಂದು ಸಾಧಾರಣ ಶನಿವಾರ. ಎಗ್ಮೋರಿನಿಂದ ರಾತ್ರಿ ರೈಲು, ಬೆಳಿಗ್ಗೆ ತಂಜಾವೂರಿನ ಹಳೇ ಬಸ್‌ಸ್ಟ್ಯಾಂಡಿನಿಂದ ಟೌನ್ ಬಸ್. ದಾರಿಯಲ್ಲಿ ಒಂದರ ಹಿಂದೆ ಒಂದು ಸೇತುವೆ. ಊರಿನ ಹೆಸರಿನ ಅರ್ಥವೇ ಐದು ನದಿಗಳು. ತಮಿಳಿನಲ್ಲಿ ‘ಆರು’ ಎಂದರೆ ಹೊಳೆ. ಅಲ್ಲಿ ಗುಡಿಯ ಎದುರು ನಾಗರತ್ನಮ್ಮನವರ ಸ್ಮಾರಕವಿದೆ. ಕುಳಿತ ಭಂಗಿಯ ವಿಗ್ರಹ, ಮುಖ ತ್ಯಾಗರಾಜರ ಸಮಾಧಿಯ ಕಡೆಗೆ. ಹೂವು ಮಾರುತ್ತಿದ್ದ ಅಜ್ಜಿ ನನ್ನ ತಮಿಳು ಕೇಳಿ ಯಾವ ಊರು ಎಂದರು. ಅಭ್ಯಾಸಬಲದಿಂದ ಬೆಂಗಳೂರು ಅಂದೆ. ‘ಅಮ್ಮಾವುಂ ಬೆಂಗಳೂರು ದಾನೇ’ ಎಂದು ವಿಗ್ರಹದ ಕಡೆ ಕೈ ತೋರಿಸಿ ಒಂದು ಮೊಳ ಹೂವು ಜಾಸ್ತಿಯೇ ಅಳೆದು ಕೊಟ್ಟರು.

ಗುಡಿಯ ಹಿಂದೆ ಹೊಳೆ. ನಂಜನಗೂಡಿನ ಮುಂದೆ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮೆಟ್ಟೂರು, ಈರೋಡು, ತಿರುಚ್ಚಿ, ಕಲ್ಲಣೆ ದಾಟಿ ತಿರುವಯ್ಯಾರಿಗೆ ಬರುತ್ತದೆ. ನಾಗರತ್ನಮ್ಮ ಹುಟ್ಟಿದ ಊರಿನ ನೀರೇ ಅವರು ಸತ್ತ ಊರಿನಲ್ಲೂ ಹರಿಯುತ್ತದೆ. ಅಷ್ಟೇ ಏಕೆ, ವೀರಾಣಂ ಕೆರೆಯ ಮೂಲಕ ಅದೇ ಕಾವೇರಿಯ ಪಾಲು 2004ರಿಂದ ಚೆನ್ನೈನ ನಲ್ಲಿಗಳಿಗೂ ಬರುತ್ತಿದೆ. ಆದರೆ ಕಾವೇರಿ ಎಂದ ಕೂಡಲೇ ಇಲ್ಲಿನ ಕನ್ನಡಿಗರಿಗೆ ನೆನಪಾಗುವುದು ಬೇರೆ. 2016ರ ಸೆಪ್ಟೆಂಬರಿನಲ್ಲಿ ಅಲ್ಲಿ ತಮಿಳುನಾಡಿನ ಬಸ್ಸುಗಳು ಹೊತ್ತಿ ಉರಿದಾಗ, ಇಲ್ಲಿ ಕೆಎ ನಂಬರಿನ ಕಾರುಗಳನ್ನು ಬೇಸ್‌ಮೆಂಟಿನಲ್ಲಿ ಮುಚ್ಚಿಟ್ಟ ಮನೆಗಳೆಷ್ಟೋ. ಊರಿನಿಂದ ಅಮ್ಮಂದಿರ ಫೋನು, ‘ಹೊರಗೆ ಕನ್ನಡ ಮಾತಾಡಬೇಡ್ರಪ್ಪಾ’ ಅಂತ. ಎಷ್ಟು ವರ್ಷ ಇದ್ದರೂ ಇದು ಪರಸ್ಥಳ ಎಂದು ಅಂಥ ದಿನಗಳು ನೆನಪಿಸಿಬಿಡುತ್ತವೆ.

ಅದಕ್ಕೇ ಇರಬೇಕು, ನಾವು ಹೊರಗಿದ್ದು ದುಡಿಯುವವರು ದುಡ್ಡನ್ನು ಊರಿಗೆ ಕಳಿಸುತ್ತೇವೆ. ಇಲ್ಲಿ ಬಾಡಿಗೆ ಮನೆ, ಅಲ್ಲಿ ಸೈಟು. ಇಲ್ಲಿನ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಹೋಗುವುದಿಲ್ಲ, ಊರಿನ ಜಾತ್ರೆಯ ಚಂದಾ ಮಾತ್ರ ತಪ್ಪಿಸುವುದಿಲ್ಲ. ನಮ್ಮ ಮನೆಯಲ್ಲೂ ಈ ಚರ್ಚೆ ಮುಗಿದಿಲ್ಲ. ಹೆಂಡತಿ ಪೆರುಂಗುಡಿಯಲ್ಲೇ ಒಂದು ಫ್ಲ್ಯಾಟ್ ನೋಡೋಣ, ಮಗಳು ಇಲ್ಲೇ ಬೆಳೆಯುತ್ತಿದ್ದಾಳೆ ಎನ್ನುತ್ತಾಳೆ. ಅಪ್ಪ ಫೋನಿನಲ್ಲಿ ‘ಅಲ್ಲಿ ಹಾಕಿದ ದುಡ್ಡು ನಮ್ಮದಲ್ಲ ಕಣೋ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ನಾಗರತ್ನಮ್ಮ ತಮ್ಮ ದುಡ್ಡನ್ನು ನಂಜನಗೂಡಿಗೆ ತಂದಿದ್ದರೆ ಅಲ್ಲೊಂದು ಛತ್ರ ಏಳುತ್ತಿತ್ತು, ಗೋಡೆಯ ಮೇಲೆ ಅವರ ಹೆಸರಿರುತ್ತಿತ್ತು. ಅವರು ಅದನ್ನು ಹಾಕಿದ್ದು ತಮಗೆ ಬಾಗಿಲು ತೆರೆಯದ ಜಾಗದಲ್ಲಿ. ಬಾಗಿಲು ತೆರೆಯಲಿಲ್ಲವೆಂದು ಹಾಕಿದ್ದನ್ನು ವಾಪಸು ಕೇಳಲೂ ಇಲ್ಲ, ತಮ್ಮ ಹಕ್ಕನ್ನು ಬಿಟ್ಟುಕೊಡಲೂ ಇಲ್ಲ. ಆ ಊರಿನಲ್ಲೇ ಮನೆ ಮಾಡಿ ಕೊನೆಯ ವರ್ಷಗಳನ್ನು ಕಳೆದರು. ಉಯಿಲು ಬರೆಯುವಾಗ ಆಸ್ತಿಯನ್ನು ಸಮಾಧಿಯ ಸೇವೆಗೆಂದು ಟ್ರಸ್ಟಿಗೆ ಬಿಟ್ಟರು. ಹೆಂಗಸರಿಗೆ, ದೇವದಾಸಿಯರೂ ಸೇರಿದಂತೆ, ಅಲ್ಲಿ ಪೂಜಿಸುವ ಮತ್ತು ಹಾಡುವ ಹಕ್ಕು ಇರಬೇಕು ಎಂಬ ಷರತ್ತನ್ನೂ ಸೇರಿಸಿದರು. ತಾವು ಸತ್ತ ಮೇಲೆ ಮುಂದಿನವರು ಮನಸ್ಸು ಬದಲಾಯಿಸಬಾರದೆಂದು ಹಾಕಿದ ಬೀಗ ಅದು. 1952ರ ಮೇ 19ರಂದು ತೀರಿಕೊಂಡರು.

ಚೆನ್ನೈನ ಸಂಗೀತ ಇತಿಹಾಸಕಾರ ವಿ. ಶ್ರೀರಾಮ್ ಇವರ ಬದುಕನ್ನು ಇಡೀ ಪುಸ್ತಕವಾಗಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಇಲ್ಲಿನ ರಸಿಕರಿಗೆ ಅವರು ಚಿರಪರಿಚಿತ. ನನ್ನ ಆಫೀಸಿನ ತಮಿಳು ಗೆಳೆಯರೊಬ್ಬರ ತಾಯಿ, ಪ್ರತಿ ಮಾರ್ಗಳಿಯಲ್ಲೂ ಬೆಳಗಿನ ಕಛೇರಿ ತಪ್ಪಿಸದವರು, ನಾನು ನಂಜನಗೂಡಿನ ಹೆಸರೆತ್ತಿದಾಗ ‘ಅಲ್ಲಿ ಅವರ ನೆನಪಿಗೆ ಏನಿದೆಪ್ಪಾ?’ ಎಂದು ಕೇಳಿದರು. ರಸಬಾಳೆ, ಶ್ರೀಕಂಠೇಶ್ವರ ಎಂದಷ್ಟೇ ಹೇಳಿ ಮಾತು ತಿರುಗಿಸಿದೆ.

ಮುಂದಿನ ಆರಾಧನೆಗೆ ಹೊರಡುವವರಿದ್ದರೆ ಒಂದು ಮಾತು. ಪುಷ್ಯ ಬಹುಳ ಪಂಚಮಿ ಸಾಮಾನ್ಯವಾಗಿ ಜನವರಿಯಲ್ಲಿ ಬೀಳುತ್ತದೆ. ರೈಲಿನ ಟಿಕೆಟ್ಟನ್ನು ಎರಡು ತಿಂಗಳ ಮುಂಚೆಯೇ ಮಾಡಿಸಿಕೊಳ್ಳಿ, ಪೊಂಗಲ್ ಆಸುಪಾಸು ಸೀಟು ಸಿಗುವುದಿಲ್ಲ. ಗೋಷ್ಠಿ ಬೆಳಿಗ್ಗೆ ನಡೆಯುತ್ತದೆ, ಬೇಗ ಹೋದರೆ ಮರಳಿನ ಮೇಲೆ ಕೂರಲು ಜಾಗ ಸಿಗುತ್ತದೆ. ಗಾಯಕಿಯರು ಒಂದು ಬದಿ, ಗಾಯಕರು ಒಂದು ಬದಿ ಕುಳಿತು ಹಾಡುತ್ತಾರೆ. ಐದನೆಯ ಕೃತಿ ಮುಗಿದು ಜನ ಊಟದ ಪಂದಿಯ ಕಡೆ ತಿರುಗಿದಾಗ ನೀವು ಐದು ನಿಮಿಷ ತಡೆದು, ಸಮಾಧಿಯ ಎದುರುಗಡೆಯ ಆ ಚಿಕ್ಕ ಸ್ಮಾರಕಕ್ಕೆ ಹೋಗಿ ಬನ್ನಿ. ಹೂವಿನ ಅಜ್ಜಿ ಇದ್ದರೆ ಯಾವ ಊರು ಎಂದು ಕೇಳುತ್ತಾರೆ. ನಿಮ್ಮ ನಿಜವಾದ ಊರಿನ ಹೆಸರನ್ನೇ ಹೇಳಿ.